ಟರ್ನರನ ಕರಡು ಚಿತ್ರಗಳು

ಆಂಗ್ಲ ಚಿತ್ರಕಾರ ಟರ್ನರನು 1775ರಲ್ಲಿ ಲಂಡನ್ನಿನ ಕ್ಷೌರಿಕನೊಬ್ಬನ ಮಗನಾಗಿ ಜನಿಸಿದನು. ಬಾಲಕನ ಚಿತ್ರಗಳನ್ನು ತಂದೆಯು ತನ್ನ ಅಂಗಡಿಯಲ್ಲಿಯೇ ತೂಗುಹಾಕಿ ಮಾರುತ್ತಿದ್ದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಗನು ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. ಪ್ರವಾಸದಲ್ಲೆಲ್ಲ ಸಣ್ಣ ಪುಸ್ತಕವೊಂದು ಅವನ ಸಂಗಡವಿರುತ್ತಿತ್ತು; ಕಂಡ ಕೋಟೆ, ಹೊಳೆ, ಮೋಡಗಳನ್ನು ಅದರಲ್ಲಿ ಗೀಚಿಕೊಳ್ಳುತ್ತಿದ್ದನು. 1797ರಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ನಾರಮ್ ಕೋಟೆಯನ್ನು ಮತ್ತೆ ಮತ್ತೆ ಚಿತ್ರಿಸಿ, 1845ರ ಸುಮಾರಿಗೆ ಅದನ್ನು ಬೆಳಗಿನ ಬೆಳಕಿನಲ್ಲಿ ಕರಗಿಸಿಬಿಟ್ಟನು. ವೃದ್ಧ ತಂದೆಯು 1829ರಲ್ಲಿ ತೀರಿಕೊಳ್ಳುವವರೆಗೂ ಮಗನೊಡನಿದ್ದು, ಅವನ ಕ್ಯಾನ್ವಾಸುಗಳನ್ನು ಬಿಗಿದು ಕೊಡುತ್ತಿದ್ದನು. 1851ರಲ್ಲಿ ಟರ್ನರನು ಗತಿಸಿದ ಬಳಿಕ ಅವನ ಸುಮಾರು 300 ಕರಡು ಪುಸ್ತಕಗಳು ರಾಷ್ಟ್ರದ ಸ್ವತ್ತಾದವು.

ಮಿತ್ರರೆ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಒಂದೇ ಪಾಠವನ್ನು ಹತ್ತು ಸಲ ಬರೆಯಬೇಕಾಗಿ ಬಂದಾಗ ಬೇಸರಪಡದಿರಲು ಆ ಕರಡುಗಳೇ ನನಗೆ ಗುರು. ಆ ತಂದೆಯನ್ನು ನೆನೆದಾಗಲಂತೂ ನನ್ನ ತಂದೆಯವರೇ ಕಣ್ಮುಂದೆ ನಿಲ್ಲುತ್ತಾರೆ.