ಬಸವರಾಜ ಕಟ್ಟೀಮನಿ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯು ಕೆಚ್ಚಿಗೆ ಹೆಸರಾದುದು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕಂಪನಿಯ ಸೈನ್ಯವನ್ನು ಎದುರಿಸಿದಳು. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಅರಸೊತ್ತಿಗೆಯ ವಿರುದ್ಧ ಸಿಡಿದೆದ್ದರು. ಆಗ ನೆರೆಯ ಗೋಕಾಕ ತಾಲ್ಲೂಕಿನ ಮಲಾಮರಡಿಯ ತರುಣನೊಬ್ಬನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1919ರ ಅಕ್ಟೋಬರ್ 5ರಂದು ಜನಿಸಿದ ಆ ತರುಣನೇ ಮುಂದೆ ಕಾದಂಬರಿಕಾರರಾಗಿ ಪ್ರಸಿದ್ಧರಾದ ಬಸವರಾಜ ಕಟ್ಟೀಮನಿ.

ಬಡತನವನ್ನು ಅವರು ಪುಸ್ತಕಗಳಿಂದ ತಿಳಿದವರಲ್ಲ; ಉಂಡು ತಿಳಿದವರು. ಹೊಟ್ಟೆಪಾಡಿಗೆ ಪತ್ರಿಕೆಗಳಲ್ಲಿ ದುಡಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸವನ್ನೂ ಕಂಡರು. 1942ರ ಹೋರಾಟದಲ್ಲಿ ಹಳ್ಳಿಗರು ಚಾವಡಿಯ ಕಾಗದಪತ್ರಗಳನ್ನು ಸುಟ್ಟು, ಲಾಠಿಯ ಪೆಟ್ಟು ತಿಂದು, ಹೆಸರಿಲ್ಲದೆ ಅಳಿದುಹೋದರು. ಆ ಹೋರಾಟದ ಚಿತ್ರವೇ 'ಮಾಡಿ ಮಡಿದವರು' ಕಾದಂಬರಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ನಿಸರ್ಗವಾದವೆಂಬ ಸಾಹಿತ್ಯಪಂಥವು ಬೆಳೆಯಿತು. ಬಾಳಿನ ಕೊಳಕನ್ನು ಮರೆಮಾಚದೆ, ವೈದ್ಯನು ರೋಗವನ್ನು ಪರೀಕ್ಷಿಸುವಂತೆ ಬರೆಯಬೇಕೆಂಬುದು ಅದರ ನಿಲುವು. ಫ್ರಾನ್ಸಿನ ಎಮಿಲ್ ಜೋಲಾ ಅದರ ಮುಂದಾಳು. ಹಾಲೆಂಡಿನ ಲೂಯಿ ಕುಪೆರಸ್ 1889ರಲ್ಲಿ ಪ್ರಕಟಿಸಿದ 'ಎಲೀನ ವೇರ'ದಲ್ಲಿ ಸಿರಿವಂತರ ನಡುವೆ ಬೆಳೆದ ಹೆಣ್ಣೊಬ್ಬಳು ವಿಧಿಯ ಕೈಗೊಂಬೆಯಂತೆ ಮೆಲ್ಲಮೆಲ್ಲನೆ ನಾಶವಾಗುತ್ತಾಳೆ. ಕನ್ನಡದಲ್ಲಿ 1940ರ ದಶಕದ ಪ್ರಗತಿಶೀಲ ಲೇಖಕರಾದ ಅ.ನ.ಕೃ., ತ.ರಾ.ಸು., ನಿರಂಜನ ಮೊದಲಾದವರು ಇಂಥದೇ ನಿಷ್ಠುರ ದೃಷ್ಟಿಯಿಂದ ಸಮಾಜವನ್ನು ನೋಡಿದರು. ಕಟ್ಟೀಮನಿಯವರೂ ಈ ಬಳಗದವರೇ. ಆದರೆ ಒಂದು ಭೇದವನ್ನು ಗಮನಿಸಬೇಕು. ಕುಪೆರಸನ ನಾಯಕಿ ಸೋಲುವುದಕ್ಕಾಗಿಯೇ ಹುಟ್ಟಿದವಳು; ಕಟ್ಟೀಮನಿಯವರ ಬಡವರಾದರೋ ಸೋತರೂ ತಿರುಗಿ ನಿಲ್ಲಬಲ್ಲರು. ಕೊಳೆತುದು ಸಮಾಜವೇ ಹೊರತು ಮನುಷ್ಯನಲ್ಲವೆಂದು ಅವರು ನಂಬಿದ್ದರು.

ಈ ನಂಬಿಕೆಯಿಂದಲೇ ಅವರು 'ಜರತಾರಿ ಜಗದ್ಗುರು'ವನ್ನು ಬರೆಯುವ ಎದೆಗಾರಿಕೆ ತೋರಿದರು. ಮಠವೆಂದರೆ ಉತ್ತರ ಕರ್ನಾಟಕದ ಹಳ್ಳಿಗರಿಗೆ ಅನ್ನ, ಅಕ್ಷರ, ನ್ಯಾಯಗಳ ನೆಲೆ. ಅಂಥ ಪೀಠವನ್ನೇರಿದವನು ಕಾವಿಯ ಮರೆಯಲ್ಲಿ ಭೋಗಿಯಾದರೆ ಭಕ್ತರ ಗತಿಯೇನು? ಹೊರಗಿನವನು ಇದನ್ನು ಕೇಳುವುದು ಸುಲಭ. ಆ ಭಕ್ತರ ನಡುವೆಯೇ ಹುಟ್ಟಿ ಬೆಳೆದವನು ಕೇಳುವುದು ಸುಲಭವಲ್ಲ. ಅವರ ಬರಹವು ಕಲೆಗಿಂತ ಪ್ರಚಾರಕ್ಕೆ ಹತ್ತಿರವೆಂದು ಆಕ್ಷೇಪಿಸಿದವರಿದ್ದರು. ಕೆಲವೆಡೆ ಅವರ ದನಿ ಏರಿದ್ದುಂಟು, ನಿಜ; ಆದರೆ ಅದು ಎಂದೂ ಸುಳ್ಳು ದನಿಯಾಗಿರಲಿಲ್ಲ.

ದುಡಿಯುವವರ ಬವಣೆಯನ್ನು ಚಿತ್ರಿಸಿದ 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಅವರು ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. 1980ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ತಮ್ಮ ಜಿಲ್ಲೆಯ ಜನರ ಎದುರಿನಲ್ಲಿಯೇ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1989ರ ಅಕ್ಟೋಬರ್ 23ರಂದು, ಎಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಅವರು ನಿಧನರಾದರು.