62ರಲ್ಲಿ ಮೊದಲ ಪುಸ್ತಕ

ಅಮೆರಿಕದಲ್ಲಿ ಆನರ್ಸ್ ಇಂಗ್ಲಿಷ್ ತೆಗೆದುಕೊಂಡ ಹೈಸ್ಕೂಲ್ ಮಕ್ಕಳಿಗೆ ಬೇಸಿಗೆ ರಜೆ ಪೂರ್ತಿ ರಜೆಯಲ್ಲ. ಶಾಲೆ ಮುಚ್ಚುವ ಮೊದಲೇ ಕೈಗೊಂದು ಪುಸ್ತಕಗಳ ಪಟ್ಟಿ ಬರುತ್ತದೆ. ಮತ್ತೆ ತೆರೆಯುವಷ್ಟರಲ್ಲಿ ಓದಿಕೊಂಡು ಬರಬೇಕು. ಎಷ್ಟೋ ಶಾಲೆಗಳ ಪಟ್ಟಿಯಲ್ಲಿ ದಶಕಗಳಿಂದ ಅಲ್ಲಾಡದೆ ಕೂತಿರುವ ಪುಸ್ತಕ ಈಡಿತ್ ಹ್ಯಾಮಿಲ್ಟನ್ ಬರೆದ ‘ಮಿಥಾಲಜಿ’. ಗ್ರೀಕ್ ಮತ್ತು ರೋಮನ್ ಪುರಾಣ ಕಥೆಗಳು, ಕೊನೆಯಲ್ಲಿ ಚಿಕ್ಕದಾಗಿ ಉತ್ತರ ಯುರೋಪಿನ ನಾರ್ಸ್ ಕಥೆಗಳು. ಶೇಕ್ಸ್‌ಪಿಯರ್, ಮಿಲ್ಟನ್, ಕೀಟ್ಸ್ ಓದುವ ಮುನ್ನ ಇಷ್ಟಾದರೂ ಗೊತ್ತಿರಲಿ ಎಂಬ ಲೆಕ್ಕ.

ಆ ಲೆಕ್ಕ ಸರಿಯಾದದ್ದೆಂದು ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿದ ನಾನು ಹೇಳಬಲ್ಲೆ. ಯಕ್ಷಗಾನ ನೋಡುತ್ತ ಬೆಳೆದವನಿಗೆ ಕನ್ನಡ ಪಠ್ಯದಲ್ಲಿ ಕರ್ಣನೋ ಅಶ್ವತ್ಥಾಮನೋ ಬಂದರೆ ಯಾರೂ ವಿವರಿಸಬೇಕಿಲ್ಲ. ಕೀಟ್ಸ್ ವಿಷಯದಲ್ಲಿ ಹಾಗಲ್ಲ, ಸಾಲಿಗೊಂದು ಅಡಿಟಿಪ್ಪಣಿ. ಗೈಡಿನಲ್ಲಿ ‘ಒಬ್ಬ ಗ್ರೀಕ್ ದೇವತೆ’ ಎಂದಿರುತ್ತಿತ್ತು. ನಾವೂ ಅದನ್ನೇ ಬಾಯಿಪಾಠ ಮಾಡಿ ಬರೆದು ಪಾಸಾದೆವು. ಕಾಲೇಜಿನ ಗ್ರಂಥಾಲಯದಲ್ಲಿ ‘ಮಿಥಾಲಜಿ’ ಸಿಕ್ಕ ಮೇಲೆ ಒಂದು ಏಪ್ರಿಲ್-ಮೇ ತಿಂಗಳು ಅದರಲ್ಲೇ ಕಳೆಯಿತು. ಈಗ ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ, ಜೊತೆಗೆ ಸಿಕ್ಕ ಅಧಿಸೂಚನೆಗೆಲ್ಲ ಅರ್ಜಿ ಹಾಕುತ್ತಿದ್ದೇನೆ. ಈ ಕಥೆ ಪುಸ್ತಕದಿಂದ ಕೆಲಸ ಸಿಗುತ್ತದೇನೋ ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಹುಡುಕುತ್ತ ನಾನು ಪುಸ್ತಕ ಬಿಟ್ಟು, ಬರೆದವರ ಬದುಕಿನ ಹಿಂದೆ ಹೋದೆ.

ಈಡಿತ್ ಹುಟ್ಟಿದ್ದು 1867ರ ಆಗಸ್ಟ್ 12ರಂದು, ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ತಂದೆತಾಯಿ ಅಮೆರಿಕದವರು. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನಲ್ಲಿ. ಅಪ್ಪನಿಗೆ ಊರ ಶಾಲೆಗಳ ಪಾಠ ಹಿಡಿಸಲಿಲ್ಲ, ಹಾಗಾಗಿ ಮಕ್ಕಳಿಗೆ ಮನೆಯೇ ಶಾಲೆ. ಈಡಿತ್‌ಗೆ 7 ವರ್ಷವಾದಾಗ ಅವರೇ ಕೂರಿಸಿಕೊಂಡು ಲ್ಯಾಟಿನ್ ಆರಂಭಿಸಿದರು, ಆಮೇಲೆ ಗ್ರೀಕ್. ತಂಗಿಯರಿಗೆ ಕಥೆ ಹೇಳುವುದು ಈಡಿತ್ ಕೆಲಸ. ಆ ತಂಗಿಯರಲ್ಲೊಬ್ಬರು ಆಲಿಸ್ ಹ್ಯಾಮಿಲ್ಟನ್. ಕಾರ್ಖಾನೆ ಕೆಲಸಗಾರರ ಮೈಗೆ ಸೀಸದ ವಿಷ ಏರುವುದನ್ನು ಪತ್ತೆ ಹಚ್ಚಿದ ವೈದ್ಯೆ, 1919ರಲ್ಲಿ ಹಾರ್ವರ್ಡ್‌ನ ಬೋಧಕ ವರ್ಗಕ್ಕೆ ಸೇರಿದ ಮೊದಲ ಮಹಿಳೆ. ಅವರದ್ದೇ ಬೇರೆ ಲೇಖನವಾಗುತ್ತದೆ, ಇರಲಿ.

1885ರ ಹೊತ್ತಿಗೆ ಅಪ್ಪನ ಸಗಟು ದಿನಸಿ ವ್ಯಾಪಾರ ಮುಳುಗಿತು. ಹೆಣ್ಣುಮಕ್ಕಳು ದುಡಿದೇ ಬದುಕಬೇಕೆಂಬುದು ಖಚಿತವಾಯಿತು. ಈಡಿತ್ ಕಣ್ಣು ಬ್ರಿನ್ ಮಾರ್ ಮಹಿಳಾ ಕಾಲೇಜಿನ ಮೇಲಿತ್ತು. ಆದರೆ ಅಲ್ಲಿಯ ಪ್ರವೇಶ ಪರೀಕ್ಷೆಗೆ ಬೇಕಾದದ್ದೆಲ್ಲ ಅಪ್ಪನ ಪಾಠದಲ್ಲಿ ಬಂದಿರಲಿಲ್ಲ. ಊರಿಗೆ ಬಂದು ಕೂತು ತಯಾರಿ ನಡೆಸಲು ವರ್ಷಗಳೇ ಹಿಡಿದವು. ಸ್ಪರ್ಧಾತ್ಮಕ ಪರೀಕ್ಷೆಗಳ ಗೆಳೆಯರು ಗಮನಿಸಬೇಕು, ಜೀವನಚರಿತ್ರೆಗಳು ಈ ವರ್ಷಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. 1894ರಲ್ಲಿ ಬಿ.ಎ., ಎಂ.ಎ. ಎರಡೂ ಮುಗಿದವು. ಯುರೋಪಿನಲ್ಲಿ ಓದಲು ಫೆಲೋಶಿಪ್ಪೂ ಸಿಕ್ಕಿತು.

ಆಲಿಸ್ ಜೊತೆಗೂಡಿ ಮೊದಲು ಹೋದದ್ದು ಲೈಪ್ಜಿಗ್‌ಗೆ. ಗ್ರೀಕ್ ನಾಟಕಗಳ ಮೇಲೆ ಪ್ರಾಣವಿಟ್ಟಿದ್ದ ಈಡಿತ್‌ಗೆ ಅಲ್ಲಿ ಸಿಕ್ಕಿದ್ದು ವ್ಯಾಕರಣದ ಸಣ್ಣಪುಟ್ಟ ತೊಡಕುಗಳ ಉಪನ್ಯಾಸ, ಸಾಹಿತ್ಯ ಮಾತ್ರ ಎಲ್ಲೂ ಇಲ್ಲ. ಬೇಸತ್ತು ಮ್ಯೂನಿಕ್‌ಗೆ ಹೋದರು. ಅಲ್ಲಿ ಹೆಣ್ಣೊಬ್ಬಳನ್ನು ಗಂಡಸರ ನಡುವೆ ಎಲ್ಲಿ ಕೂರಿಸುವುದು ಎಂಬುದೇ ವಿಶ್ವವಿದ್ಯಾಲಯಕ್ಕೆ ದೊಡ್ಡ ಸಮಸ್ಯೆಯಾಯಿತು. ಕೊನೆಗೆ ವೇದಿಕೆಯ ಮೇಲೆ, ಪ್ರಾಧ್ಯಾಪಕರ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸಿದರು ಎಂದು ಆಲಿಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತರಗತಿಯ ಅಷ್ಟೂ ಕಣ್ಣುಗಳು ತಮ್ಮ ಮೇಲಿರುವಾಗ ಟಿಪ್ಪಣಿ ಬರೆದುಕೊಳ್ಳುವುದು ಹೇಗಿರಬಹುದು, ಯೋಚಿಸಿ.

ಡಾಕ್ಟರೇಟ್ ಮಾತ್ರ ಆಗಲಿಲ್ಲ. ಬಾಲ್ಟಿಮೋರ್ ನಗರದ ಬ್ರಿನ್ ಮಾರ್ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಲು 1896ರಲ್ಲಿ ಕರೆ ಬಂತು. ಒತ್ತಾಯಿಸಿದವರು ಕಾಲೇಜಿನ ಅಧ್ಯಕ್ಷೆ ಕ್ಯಾರಿ ಥಾಮಸ್. ಮನೆಗೆ ಸಂಬಳ ಬೇಕಿತ್ತು. ಈಡಿತ್ ಗಂಟುಮೂಟೆ ಕಟ್ಟಿ ಹಿಂತಿರುಗಿದರು. ಕನಸನ್ನು ಅರ್ಧಕ್ಕೆ ಬಿಟ್ಟು ಸಿಕ್ಕ ಕೆಲಸ ಹಿಡಿದವರ ಸಾಲಿನಲ್ಲಿ ಇವರೂ ಇದ್ದಾರೆಂದು ತಿಳಿದಾಗ ನನಗೇಕೋ ಸಮಾಧಾನವಾಯಿತು.

ಒಂದಲ್ಲ ಎರಡಲ್ಲ, 26 ವರ್ಷ ಆ ಶಾಲೆ ನಡೆಸಿದರು. ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗದೆ ಯಾವ ಹುಡುಗಿಗೂ ಶಾಲೆಯ ಪ್ರಮಾಣಪತ್ರ ಸಿಗದು ಎಂಬುದು ಅಲ್ಲಿಯ ನಿಯಮ. ಹೆಣ್ಣುಮಕ್ಕಳಿಗೆ ಅಷ್ಟೆಲ್ಲ ಓದು ಯಾಕೆ ಎನ್ನುವವರೇ ಹೆಚ್ಚಿದ್ದ ಕಾಲದಲ್ಲಿ ಅವರು ಅದನ್ನು ಸಡಿಲಿಸಲಿಲ್ಲ. ಹಗಲೆಲ್ಲ ಶಾಲೆ, ಬಿಡುವಿನಲ್ಲಿ ಗ್ರೀಕ್. ಪರೀಕ್ಷೆಗಲ್ಲ, ಬಡ್ತಿಗಲ್ಲ. ಒಂದು ಪುಸ್ತಕವನ್ನೂ ಬರೆಯಲಿಲ್ಲ.

1922ರಲ್ಲಿ ನಿವೃತ್ತಿ. ಹಳೆಯ ವಿದ್ಯಾರ್ಥಿನಿ ಡೋರಿಸ್ ರೀಡ್ ಜೊತೆ ಬೇಸಿಗೆಗಳಲ್ಲಿ ಮೇನ್ ರಾಜ್ಯದ ಕಡಲತೀರ, ಉಳಿದಂತೆ ನ್ಯೂಯಾರ್ಕ್. ಅಲ್ಲಿ ಗೆಳತಿಯರಿಗೆ ಈಸ್ಕಿಲಸ್, ಯೂರಿಪಿಡೀಸ್ ನಾಟಕಗಳ ಬಗ್ಗೆ ಹೇಳುತ್ತ ಕೂರುತ್ತಿದ್ದರು. ‘ಥಿಯೇಟರ್ ಆರ್ಟ್ಸ್ ಮಂತ್ಲಿ’ ಪತ್ರಿಕೆಯ ಬಳಗದವರು ಇದನ್ನೇ ಬರೆದುಕೊಡಿ ಎಂದು ಬೆನ್ನು ಹತ್ತಿದರು. ಆ ಲೇಖನಗಳು ಬೆಳೆದು 1930ರಲ್ಲಿ ‘ದಿ ಗ್ರೀಕ್ ವೇ’ ಎಂಬ ಪುಸ್ತಕ ಬಂತು. ಲೇಖಕಿಗೆ ಆಗ 62 ವರ್ಷ. (ಅದರ ಹಿಂದಿನ ವರ್ಷವೇ ನಮ್ಮಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ.ಶ್ರೀ ಅವರು ಸೊಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಪ್ರಕಟಿಸಿದ್ದರು.) ಒಂದು ವಿಷಯ ಮುಚ್ಚಿಡಬಾರದು. ಡೋರಿಸ್ ಹಣಕಾಸು ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ಮನೆಯಲ್ಲಿ ಒಬ್ಬರ ಸಂಬಳ ಬರುತ್ತಿತ್ತು. ವಯಸ್ಸು ಬರೀ ಸಂಖ್ಯೆ ಎಂದು ಹುರಿದುಂಬಿಸುವವರು ಇಂಥದ್ದನ್ನು ಹೇಳುವುದಿಲ್ಲ.

‘ಮಿಥಾಲಜಿ’ ಬಂದದ್ದು 1942ರಲ್ಲಿ, 75ರ ಹೊಸ್ತಿಲಲ್ಲಿ. ನನಗೆ ಅದರಲ್ಲಿ ಇಷ್ಟವಾದದ್ದು ಪ್ರತಿ ಕಥೆಯ ಮೊದಲು ಬರುವ ಚಿಕ್ಕ ಟಿಪ್ಪಣಿ. ಈ ಕಥೆಯನ್ನು ಹೇಳಿದವರು ಯಾರು, ಹೋಮರನೇ, ಹೆಸಿಯಡನೇ, ನೂರಾರು ವರ್ಷಗಳ ನಂತರ ಬಂದ ರೋಮನ್ ಕವಿ ಓವಿಡನೇ ಎಂದು ಅಲ್ಲಿರುತ್ತದೆ. ಪಂಪನ ಕರ್ಣನೇ ಬೇರೆ, ಕುಮಾರವ್ಯಾಸನ ಕರ್ಣನೇ ಬೇರೆ ಎಂದು ತಿಳಿದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಓವಿಡನ ಬಗ್ಗೆ ಅವರಿಗೆ ಅಷ್ಟು ಪ್ರೀತಿಯಿಲ್ಲ, ಗ್ರೀಕ್ ಮೂಲ ಸಿಕ್ಕಲ್ಲಿ ಅವನನ್ನು ಬದಿಗಿಡುತ್ತಾರೆ. ಆದರೆ ಪಿರಮಸ್ ಮತ್ತು ಥಿಸ್ಬೆ ಕಥೆಗೆ ಅವನೊಬ್ಬನೇ ಗತಿ. ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಕುಶಲಕರ್ಮಿಗಳು ಆಡಿ ನಗಿಸುವುದು ಅದೇ ಪ್ರೇಮಿಗಳ ಸಾವನ್ನು. ಮೂಲ ಓದಿಕೊಂಡು ಹೋದವರಿಗೆ ನಗು ದುಪ್ಪಟ್ಟು.

ಅಥೆನ್ಸನ್ನು ತೀರಾ ಬೆಳಗಿಸಿ ತೋರಿಸಿದರು ಎಂಬ ದೂರು ಪಂಡಿತರದು. ನನಗೂ ಹಾಗೆ ಅನ್ನಿಸಿದೆ. ಅಲ್ಲಿನ ಗುಲಾಮರು, ಮನೆಯೊಳಗಿನ ಹೆಂಗಸರು ಅವರ ಬರಹದಲ್ಲಿ ಹಿಂದೆಯೇ ನಿಲ್ಲುತ್ತಾರೆ. ಮ್ಯೂನಿಕ್‌ನ ಆ ಕುರ್ಚಿಯಲ್ಲಿ ಕೂತು ಬಂದವರು ಇದನ್ನು ಇನ್ನಷ್ಟು ಕೆದಕಬಹುದಿತ್ತು.

1957ರ ಆಗಸ್ಟ್‌ನಲ್ಲಿ, 90 ತುಂಬುವ ಹೊತ್ತಿಗೆ, ಅಥೆನ್ಸ್ ನಗರ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತು. ಆಕ್ರೊಪೊಲಿಸ್ ಬುಡದ ಪುರಾತನ ಬಯಲು ರಂಗಮಂದಿರದಲ್ಲಿ ಅವರೇ ಅನುವಾದಿಸಿದ್ದ ಈಸ್ಕಿಲಸ್‌ನ ಪ್ರೊಮಿಥಿಯಸ್ ನಾಟಕದ ಪ್ರದರ್ಶನ ಇತ್ತು. ಅಲ್ಲಿಂದ ಮರಳಿದ ಮೇಲೂ ಕೆಲಸ ನಿಲ್ಲಲಿಲ್ಲ. ಹಂಟಿಂಗ್‌ಟನ್ ಕೇರ್ನ್ಸ್ ಜೊತೆ ಸಂಪಾದಿಸಿದ ಪ್ಲೇಟೊ ಸಂವಾದಗಳ ದಪ್ಪ ಸಂಪುಟ 1961ರಲ್ಲಿ ಹೊರಬಂತು. 1963ರ ಮೇ 31ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.