ತಂದೆಯ ಜೊತೆ ಸುರಂಗಕ್ಕಿಳಿದ ಮಗ

1821ರ ಮೇ ತಿಂಗಳಲ್ಲಿ ಲಂಡನ್ನಿನ ಸಾಲಗಾರರ ಸೆರೆಮನೆಗೆ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರನನ್ನು ಹಾಕಲಾಯಿತು. ಗಂಡನನ್ನು ಒಂಟಿಯಾಗಿ ಬಿಡಲು ಒಪ್ಪದ ಪತ್ನಿ ಸೋಫಿಯಾ ತಾನೂ ಜೊತೆಗೆ ಹೋದಳು. ಅವರ ಒಬ್ಬನೇ ಮಗ ಇಸಂಬಾರ್ಡ್‌ನಿಗೆ ಆಗ ಹದಿನೈದು ವರ್ಷ, ಫ್ರಾನ್ಸಿನಲ್ಲಿ ಓದುತ್ತಿದ್ದ. ಮುಂದೆ ರೈಲುಮಾರ್ಗ, ಸೇತುವೆ, ಉಗಿಹಡಗುಗಳಿಂದ ಹೆಸರಾದ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಇವನೇ. ತಂದೆಯನ್ನು ಸೆರೆಮನೆಗೆ ಕಳಿಸಿದ ವೃತ್ತಿಯನ್ನೇ ಈ ಹುಡುಗ ಹಿಡಿದದ್ದು ಹೇಗೆ?

ಪ್ರಿಯ ಓದುಗರೇ, ಮೊದಲು ತಂದೆಯ ಕಥೆ ಕೇಳಿ. ಮಾರ್ಕ್ ಹುಟ್ಟಿದ್ದು 1769ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ರೈತ ಕುಟುಂಬದಲ್ಲಿ. ಎರಡನೆಯ ಮಗ ಗುರುವಾಗಬೇಕೆಂಬುದು ಮನೆಯವರ ಆಸೆ. ಆದರೆ ಗುರುಮಠದಲ್ಲಿ ಹುಡುಗನ ಒಲವೆಲ್ಲ ಬಡಗಿ ಕೆಲಸ ಮತ್ತು ಚಿತ್ರ ಬಿಡಿಸುವುದರ ಕಡೆಗೇ. ಅಲ್ಲಿನ ಮುಖ್ಯಸ್ಥರು ಅದನ್ನು ತಡೆಯಲಿಲ್ಲ; ಬಡಗಿ ಕೆಲಸ ಕಲಿಯಲು ಬಿಟ್ಟರು. ಹುಡುಗ ಗುರುವಾಗದೆ ನೌಕಾಪಡೆ ಸೇರಿದ. ಇದು ನಿನ್ನ ದಾರಿಯಲ್ಲವೆಂದು ಪ್ರೀತಿಯಿಂದ ತಿಳಿಹೇಳುವ ಹಿರಿಯರು ಸಿಗುವುದು ಎಷ್ಟು ಅಪರೂಪವೆಂದು ಗುರುಮಠದಲ್ಲಿ ವರ್ಷಗಳನ್ನು ಕಳೆದ ನಮ್ಮಂಥವರಿಗೆ ಗೊತ್ತು.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಅರಸನ ಪಕ್ಷ ವಹಿಸಿದ ಮಾರ್ಕ್ 1793ರಲ್ಲಿ ಅಮೆರಿಕಕ್ಕೆ ಓಡಿಹೋಗಬೇಕಾಯಿತು. ಅವನು ಮೆಚ್ಚಿದ ಸೋಫಿಯಾ ಇಂಗ್ಲಿಷ್ ಹುಡುಗಿ ಎಂಬ ಕಾರಣಕ್ಕೆ ಬಂಧಿತಳಾಗಿ, ಸೆರೆಮನೆಯಾಗಿ ಮಾರ್ಪಟ್ಟ ಕನ್ಯಾಮಠವೊಂದರಲ್ಲಿ ದಿನ ಎಣಿಸಿದಳು. ಇಬ್ಬರ ವಿವಾಹವಾದದ್ದು 1799ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಲಂಡನ್ನಿನಲ್ಲಿ. ಮಗ ಹುಟ್ಟಿದ್ದು 1806ರಲ್ಲಿ. ಅವನ ಹೆಸರಿನಲ್ಲಿರುವ ಕಿಂಗ್‌ಡಮ್ ಎಂಬುದು ತಾಯಿಯ ತವರಿನ ಹೆಸರು.

ನಾಲ್ಕು ವರ್ಷದ ಮಗನ ಕೈಗೆ ತಂದೆ ಪೆನ್ಸಿಲ್ ಕೊಟ್ಟ. ಕಂಡ ಕಟ್ಟಡಗಳ ಚಿತ್ರ ಬರೆಯಿಸಿದ, ರೇಖಾಗಣಿತ ಕಲಿಸಿದ. ಸೈನಿಕರ ಕಾಲಿಗೆ ಗಟ್ಟಿಯಾದ ಬೂಟು ಹೊಲಿಯುವ ಯಂತ್ರಗಳನ್ನೂ ಮಾರ್ಕ್ ಮಾಡಿದ್ದ. ಯುದ್ಧ ಮುಗಿದೊಡನೆ ಸರಕಾರ ಕೊಳ್ಳುವುದನ್ನು ನಿಲ್ಲಿಸಿತು. ಮರ ಕೊಯ್ಯುವ ಕಾರ್ಖಾನೆ ಸುಟ್ಟುಹೋಗಿತ್ತು. ಸಾಲ ಬೆಳೆಯಿತು. ಅವನು ರಷ್ಯಾಕ್ಕೆ ಹೋಗುವ ಸೂಚನೆ ಕಂಡ ಮೇಲಷ್ಟೇ ಸರಕಾರ 5,000 ಪೌಂಡ್ ಕೊಟ್ಟು ಬಿಡಿಸಿತು.

ಇಸಂಬಾರ್ಡ್ ಪ್ಯಾರಿಸ್ಸಿನಲ್ಲಿ ಹೆಸರಾಂತ ಗಡಿಯಾರ ತಯಾರಕ ಬ್ರೆಗೆ ಅವರ ಬಳಿ ಪಳಗಿದ್ದ. ಆದರೂ 1822ರಲ್ಲಿ ಮನೆಗೆ ಮರಳಿ ತಂದೆಯ ಪುಟ್ಟ ಕಚೇರಿಯಲ್ಲೇ ಕುಳಿತ. ಅಲ್ಲಿದ್ದ ಯೋಜನೆಯೋ, ಹುಚ್ಚು ಎನ್ನುವಂಥದ್ದು! ಹಡಗು ಸಂಚರಿಸುವ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡಬೇಕು; ಅಂಥದನ್ನು ಅದುವರೆಗೆ ಯಾರೂ ಮುಗಿಸಿರಲಿಲ್ಲ. ಹಡಗಿನ ಮರ ಕೊರೆಯುವ ಹುಳು ತಲೆಯ ಗಟ್ಟಿ ಚಿಪ್ಪಿನಿಂದ ಕೊರೆದು, ಹಿಂದೆ ರಂಧ್ರಕ್ಕೆ ಒಳಪದರ ಕಟ್ಟುತ್ತಾ ಸಾಗುತ್ತದೆ. ಮಾರ್ಕ್ ಕಂಡುಹಿಡಿದ ಉಪಾಯವೂ ಅದೇ: 12 ಕಬ್ಬಿಣದ ಚೌಕಟ್ಟುಗಳಲ್ಲಿ 36 ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಮುಂದಿನ ಹಲಗೆಯೊಂದನ್ನು ತೆಗೆದು ಕೆಲವೇ ಅಂಗುಲ ಮಣ್ಣು ಅಗೆದು, ಹಲಗೆಯನ್ನು ಮತ್ತೆ ಬಿಗಿಯಬೇಕು. ಚೌಕಟ್ಟು ಮುಂದೆ ಸರಿದಂತೆ ಹಿಂದೆ ಇಟ್ಟಿಗೆಯ ಗೋಡೆ ಕಟ್ಟಬೇಕು.

ಕೆಲಸ 1825ರಲ್ಲಿ ಆರಂಭವಾಯಿತು. ಇಪ್ಪತ್ತರ ಹರೆಯದಲ್ಲೇ ಮಗ ಸ್ಥಳದ ಎಂಜಿನಿಯರನಾದ. ನದಿಯ ಕೊಳಕು ನೀರು ತೊಟ್ಟಿಕ್ಕುತ್ತಿತ್ತು, ದುರ್ಗಂಧಕ್ಕೆ ಜನ ಕಾಯಿಲೆ ಬೀಳುತ್ತಿದ್ದರು. 1827ರ ಮೇ 18ರಂದು ನದಿ ಒಳನುಗ್ಗಿತು. ಇಸಂಬಾರ್ಡ್ ಗಂಟೆಯಾಕಾರದ ಗೂಡಿನಲ್ಲಿ ಕುಳಿತು ನದಿಯ ತಳಕ್ಕಿಳಿದು ತೂತನ್ನು ಪರೀಕ್ಷಿಸಿದ. ಜೇಡಿಮಣ್ಣಿನ ಚೀಲಗಳನ್ನು ಸುರಿದು ಮುಚ್ಚಿಸಿದರು. 1828ರ ಜನವರಿ 12ರಂದು ಮತ್ತೆ ನೀರು ನುಗ್ಗಿದಾಗ ಆರು ಮಂದಿ ಸತ್ತರು. ಇಸಂಬಾರ್ಡ್ ತೀವ್ರವಾಗಿ ಗಾಯಗೊಂಡು ಬದುಕಿದ. ಆ ಆರು ಮಂದಿಗೂ ಮನೆಗಳಿದ್ದವು ಎಂಬುದನ್ನು ಇಂಥ ಸಾಹಸಗಳನ್ನು ಹೊಗಳುವಾಗ ನಾವು ಬೇಗ ಮರೆಯುತ್ತೇವೆ.

ಹಣ ಮುಗಿದು ಕೆಲಸ ಏಳು ವರ್ಷ ನಿಂತಿತು. ಚೇತರಿಸಿಕೊಳ್ಳಲು ಬ್ರಿಸ್ಟಲ್ ಸಮೀಪದ ಕ್ಲಿಫ್ಟನ್ನಿಗೆ ಹೋದ ಮಗ, ಅಲ್ಲಿನ ಕಣಿವೆಗೆ ತೂಗುಸೇತುವೆಯ ನಕ್ಷೆ ಬರೆದ. 1833ರಲ್ಲಿ, 27ನೆಯ ವಯಸ್ಸಿನಲ್ಲಿ, ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನಿಯರನಾದ.

ತಂದೆ ಮಾತ್ರ ಸುರಂಗವನ್ನು ಕೈಬಿಡಲಿಲ್ಲ. ಸರಕಾರದ ಸಾಲ ಪಡೆದು ಮತ್ತೆ ತೋಡಿಸಿದ. ಸುಮಾರು 396 ಮೀಟರ್ ಉದ್ದದ ಸುರಂಗ ತೆರೆದದ್ದು 1843ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ. ಮಾರ್ಕ್‌ಗೆ ಆಗ 73 ವರ್ಷ.

ಮಾರ್ಕ್ 1849ರಲ್ಲಿ ತೀರಿಕೊಂಡ. ಹತ್ತು ವರ್ಷಗಳ ನಂತರ, 53ನೆಯ ವಯಸ್ಸಿನಲ್ಲಿ ಮಗನೂ ಹೋದ. ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ತಂದೆತಾಯಿಯರ ಸಮಾಧಿಯಲ್ಲೇ ಅವನನ್ನೂ ಇಟ್ಟರು. ಸುರಂಗದಲ್ಲಿ 1869ರಲ್ಲಿ ರೈಲು ಓಡತೊಡಗಿತು, ಇಂದಿಗೂ ಓಡುತ್ತಿದೆ.